ಖಾಲಿ ಚೀಲ ಬೇರೆ, ಬಾರದ ಚೀಲ ಬೇರೆ

ರಜೆಯಲ್ಲಿದ್ದಾಗ ಆಫೀಸಿನಿಂದ ಒಂದೂ ಮೇಲ್ ಬರಲಿಲ್ಲ ಅಂದ್ರೆ ಯಾರಿಗೆ ಖುಷಿಯಾಗಲ್ಲ ಹೇಳಿ? ನನಗಂತೂ ಆಯ್ತು. ನವೆಂಬರ್ ಕೊನೇ ವಾರ ಚಿಕ್ಕಪ್ಪನ ಮಗಳ ಮದುವೆ. ಗುರುವಾರ, ಶುಕ್ರವಾರ ರಜೆ ಹಾಕಿದ್ದೆ. ಅದಕ್ಕೆ ಶನಿವಾರ, ಭಾನುವಾರ ಸೇರಿಸಿಕೊಂಡು, ಬುಧವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ, ಬೆಳಗಾಗುವಷ್ಟರಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರು ಸೇರಿಕೊಂಡಿದ್ದೆ.

ಹೊರಡುವ ಮುಂಚೆ ಮ್ಯಾನೇಜರ್ ಕೇಳಿದ್ದರು, ‘ತಿಂಗಳ ಕೊನೆ ಅಲ್ವಾ, ಬಿಲ್ ಅಪ್ರೂವಲ್ ಯಾರು ಮಾಡ್ತಾರೆ?’

‘ಫೋನಲ್ಲೇ ನೋಡ್ಕೋತೀನಿ ಸರ್’ ಅಂದಿದ್ದೆ.

ಈ ಮಾತು ನೀವೂ ಹೇಳಿರ್ತೀರಿ. ನಮ್ಮ ವಯಸ್ಸಿನವರ ಬಾಯಲ್ಲಿ ಇದು ‘ಊಟ ಆಯ್ತಾ’ ಅನ್ನುವಷ್ಟು ಸಲೀಸಾಗಿ ಬಂದುಬಿಡುತ್ತದೆ. ಆಸ್ಪತ್ರೆಯಲ್ಲಿರಲಿ, ಮದುವೆ ಮನೆಯಲ್ಲಿರಲಿ, ಘಾಟಿ ಇಳಿಯುವ ಬಸ್ಸಿನಲ್ಲಿರಲಿ, ಫೋನಲ್ಲೇ ನೋಡ್ಕೋತೀವಿ. ಫೋನು ನಮಗೆ ತೋರಿಸ್ತಾ ಇದೆಯೋ ಇಲ್ಲವೋ ಅಂತ ಮಾತ್ರ ನೋಡಲ್ಲ.

ನನ್ನ ಕೆಲಸ ಬೆಂಗಳೂರಿನ ಒಂದು ಕಂಪನಿಯ ಅಡ್ಮಿನ್ ವಿಭಾಗದಲ್ಲಿ. ಕ್ಯಾಂಟೀನು, ಕ್ಯಾಬು, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಎಲ್ಲರ ಬಿಲ್ಲೂ ನನ್ನ ಕಣ್ಣೆದುರೇ ಹಾದುಹೋಗಬೇಕು. ನಾನು ಮೇಲ್ ನೋಡಿ ‘ಅಪ್ರೂವ್ಡ್’ ಅಂತ ಒಂದು ಪದ ಹೊಡೆದರೆ ಅಕೌಂಟ್ಸ್‌ನವರು ತಿಂಗಳ ಕೊನೇ ಶುಕ್ರವಾರ ದುಡ್ಡು ಹಾಕುತ್ತಾರೆ. ಹೊಡೆಯದಿದ್ದರೆ ಇಲ್ಲ. ಒಂದು ಪದ, ಅಷ್ಟೆ.

ಗುರುವಾರ ಚಪ್ಪರ, ದೇವಕಾರ್ಯ. ಶುಕ್ರವಾರ ಧಾರೆ. ಮಧ್ಯೆ ಮಧ್ಯೆ ಸೀರೆಯ ಸೆರಗು ಸರಿಮಾಡಿಕೊಂಡಷ್ಟೇ ಸಹಜವಾಗಿ ಫೋನು ತೆಗೆದು ನೋಡುತ್ತಿದ್ದೆ. ಮೇಲ್‌ನ ಜಾಗದಲ್ಲಿ ಕೆಂಪು ಅಂಕಿ ಇಲ್ಲ. ಸದ್ದಿಲ್ಲ. ಪಕ್ಕದಲ್ಲಿ ನನ್ನ ಅತ್ತೆಯ ಮಗ, ಅವನೂ ಬೆಂಗಳೂರಿನವನೇ, ಊಟದ ಪಂಕ್ತಿಯಲ್ಲಿ ಎಡಗೈಲಿ ಫೋನು ಹಿಡಿದು ಯಾರಿಗೋ ಉತ್ತರ ಬರೀತಿದ್ದ. ‘ನಿಮ್ಮ ಆಫೀಸೇ ವಾಸಿ ಕಣೇ’ ಅಂದ. ನನಗೆ ಹೆಮ್ಮೆ. ‘ರಜೆ ಅಂದ್ರೆ ರಜೆ, ನಮ್ಮಲ್ಲಿ ಡಿಸ್ಟರ್ಬ್ ಮಾಡಲ್ಲ’ ಅಂತ ಹೋಳಿಗೆ ಮುರಿಯುತ್ತಾ ಹೇಳಿದ್ದೆ.

ಶನಿವಾರ ಬೆಳಿಗ್ಗೆ ಬೀಗರೂಟಕ್ಕೆ ಹೊರಡುವ ಗಡಿಬಿಡಿ. ಅಷ್ಟರಲ್ಲಿ ಫೋನು ಬಂತು. ನಮ್ಮ ಆಫೀಸಿಗೆ ಹೌಸ್‌ಕೀಪಿಂಗ್ ಜನರನ್ನು ಕಳಿಸುವ ಕಂಟ್ರಾಕ್ಟರ್. ದೊಡ್ಡ ಏಜೆನ್ಸಿಯೇನಲ್ಲ. 14 ಜನ ಹೆಂಗಸರನ್ನು ಇಟ್ಟುಕೊಂಡು ತಾವೇ ಓಡಾಡಿ ನಡೆಸುವವರು.

‘ಮೇಡಂ, ರಜೆಯಲ್ಲಿದ್ದೀರಿ, ತೊಂದ್ರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಬಿಲ್ ಪಾಸ್ ಆಗಿಲ್ವಂತೆ. ನಿಮಗೆ ಮೂರು ಸಲ ಮೇಲ್ ಹಾಕಿದ್ವಿ, ಉತ್ತರ ಬಂದಿಲ್ಲ ಅಂತಾರೆ ಅಕೌಂಟ್ಸ್‌ನೋರು. ಹೆಂಗಸ್ರಿಗೆ ಸಂಬಳ ಕೊಡ್ಬೇಕಿತ್ತು.’

‘ನನಗೆ ಯಾವ ಮೇಲೂ ಬಂದಿಲ್ವಲ್ಲ!’ ಅಂದೆ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಅವರೇ ಸುಳ್ಳು ಹೇಳ್ತಿದ್ದಾರೆ, ಇಲ್ಲಾ ಅಕೌಂಟ್ಸ್‌ನವರು ಸುಳ್ಳು ಹೇಳ್ತಿದ್ದಾರೆ ಅನ್ನೋ ಸಿಟ್ಟು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ನಮ್ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗೋದು ಬಾವಿಕಟ್ಟೆ ಹತ್ತಿರ ಮಾತ್ರ. ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು, ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ದಾಟಿ, ಅಲ್ಲಿ ಹೋಗಿ ನಿಂತೆ. ಆಫೀಸಿನ ಐಟಿ ಡೆಸ್ಕಿಗೆ ಫೋನ್ ಮಾಡಿದೆ. ಶನಿವಾರದ ಪಾಳಿಯಲ್ಲಿದ್ದವನು ಹುಬ್ಬಳ್ಳಿ ಕಡೆ ಹುಡುಗ.

‘ಗಾಬರಿ ಆಗಬ್ಯಾಡ್ರಿ ಮೇಡಂ. ಫೋನಿನ ಸೆಟ್ಟಿಂಗ್ ಮುಟ್ಟಬ್ಯಾಡ್ರಿ. ಮೊದ್ಲ ಬ್ರೌಸರ್ ತಗೀರಿ. ಅದರಾಗ ಆಫೀಸ್ ಮೇಲಿಗೆ ಲಾಗಿನ್ ಆಗ್ರಿ.’

‘ಆ್ಯಪ್ ಇದೆಯಲ್ಲ, ಬ್ರೌಸರ್ ಯಾಕೆ?’

‘ತಪ್ಪು ಎಲ್ಲೈತಿ ಅಂತ ಗೊತ್ತಾಗಬೇಕಲ್ರಿ. ಆ್ಯಪ್ ಬಿಟ್ಟು ನೋಡಿದ್ರ ಗೊತ್ತಾಗ್ತೈತಿ.’

ಲಾಗಿನ್ ಆದೆ. ಪಾಸ್‌ವರ್ಡ್ ಹಾಕಿದೆ, ಕೋಡ್ ಹಾಕಿದೆ. ನಿಧಾನಕ್ಕೆ ಪುಟ ತೆರೆದುಕೊಂಡಿತು. ಓದದ ಮೇಲ್ 47! ಹೌಸ್‌ಕೀಪಿಂಗ್ ಬಿಲ್ಲು ಗುರುವಾರ ಬೆಳಿಗ್ಗೆಯೇ ಬಂದು ಕೂತಿತ್ತು. ಅದರ ಮೇಲೆ ಒಂದು ಜ್ಞಾಪನೆ, ಅದರ ಮೇಲೆ ಇನ್ನೊಂದು. ಕೊನೆಯದು ಶುಕ್ರವಾರ ಮಧ್ಯಾಹ್ನದ್ದು: ಸಂಜೆ 4 ಗಂಟೆಯೊಳಗೆ ಅಪ್ರೂವಲ್ ಬಾರದಿದ್ದರೆ ಈ ಬಾರಿಯ ಪಾವತಿಯಲ್ಲಿ ಸೇರಿಸಲು ಆಗುವುದಿಲ್ಲ. ಆ ಹೊತ್ತಿಗೆ ನಾನು ಹೊಸ ಮದುಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದೆ.

‘ಬಂದಾವೇನ್ರಿ?’

‘ಎಲ್ಲಾ ಇದಾವೆ’ ಅಂದೆ. ಗಂಟಲು ಒಣಗಿತ್ತು.

‘ಅಂದ್ರ ಸರ್ವರ್ ಬರೋಬ್ಬರಿ ಐತ್ರಿ. ತಪ್ಪು ನಿಮ್ಮ ಫೋನಿನಾಗ ಐತಿ.’

ಮೊದಲು ‘ಅಪ್ರೂವ್ಡ್’ ಅಂತ ಬ್ರೌಸರಿನಲ್ಲೇ ಉತ್ತರಿಸಿದೆ. ಅಕೌಂಟ್ಸ್‌ನವರಿಗೆ ಫೋನ್ ಮಾಡಿ ಗೋಗರೆದೆ. ‘ಶುಕ್ರವಾರದ್ದು ಹೋಗಿಯಾಯ್ತು. ಮುಂದಿನದು 15ನೇ ತಾರೀಖು. ಸೋಮವಾರ ಸಾಹೇಬ್ರನ್ನ ಕೇಳಿ ಏನಾದ್ರೂ ಮಾಡೋಕಾಗುತ್ತಾ ನೋಡ್ತೀವಿ’ ಅಂದರು. ಕಂಟ್ರಾಕ್ಟರ್‌ಗೆ ಅದನ್ನೇ ಹೇಳಿದೆ. ಅವರು ‘ಆಯ್ತು ಮೇಡಂ’ ಅಂದರು. ಬೈದಿದ್ದರೆ ಸುಲಭ ಆಗ್ತಿತ್ತು.

ಅಷ್ಟರಲ್ಲಿ ಅಪ್ಪ ಕಾಫಿ ಲೋಟ ಹಿಡಿದು ಬಂದರು. ‘ಎಂತ ಆಯ್ತೇ? ಎಲ್ಲರೂ ಕಾರಲ್ಲಿ ಕೂತಿದಾರೆ.’

‘ಮೇಲ್ ಸಿಂಕ್ ಆಗಿಲ್ಲ ಅಪ್ಪ.’

‘ಎಂತದೇ ಅದು ಸಿಂಕ್ ಅಂದ್ರೆ?’

ಅಪ್ಪ 30 ವರ್ಷಕ್ಕೂ ಹೆಚ್ಚು ಕಾಲ ನಮ್ಮೂರಿನ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವರು. ದೊಡ್ಡ ಕಟ್ಟಡ ಅಂದ್ಕೋಬೇಡಿ. ನಮ್ಮನೆ ಜಗಲಿಯ ಒಂದು ಕೋಣೆ, ಒಂದು ಮೇಜು, ತಕ್ಕಡಿ, ಮುದ್ರೆ, ಅಂಟಿನ ಡಬ್ಬಿ. ಅವರಿಗೆ ಹೇಳೋಕೆ ನನಗೆ ಬೇರೆ ಉದಾಹರಣೆ ಹುಡುಕಬೇಕಿರಲಿಲ್ಲ.

ಮೇಲ್ ನಿಜವಾಗಿ ಬಂದು ಸೇರೋದು ಫೋನಿಗಲ್ಲ, ಸರ್ವರ್‌ಗೆ. ಅದು ಪೇಟೆಯ ದೊಡ್ಡ ಪೋಸ್ಟಾಫೀಸು ಇದ್ದ ಹಾಗೆ. ಅಲ್ಲಿಂದ ಫೋನಿಗೆ ತರೋ ಕೆಲಸವೇ ಸಿಂಕ್. ಹಿಂದಿನ ‘ಪಾಪ್’ ಪದ್ಧತಿಯಲ್ಲಿ ಸಾಮಾನ್ಯವಾಗಿ ಚೀಲವನ್ನು ಮನೆಗೆ ತಂದು ಸುರಿದ ಮೇಲೆ ಅಲ್ಲಿ ಏನೂ ಉಳೀತಿರಲಿಲ್ಲ. ಈಗಿನ ‘ಐಮ್ಯಾಪ್’, ‘ಎಕ್ಸ್‌ಚೇಂಜ್’ ಪದ್ಧತಿಗಳಲ್ಲಿ ಮೂಲ ಕಾಗದ ಪೋಸ್ಟಾಫೀಸಿನಲ್ಲೇ ಇರುತ್ತೆ, ನಮ್ಮ ಕೈಲಿರೋದು ನಕಲು. ಅದಕ್ಕೇ ಲ್ಯಾಪ್‌ಟಾಪಲ್ಲಿ ಓದಿದ್ದು ಫೋನಲ್ಲೂ ಓದಿದ ಹಾಗೆ ಕಾಣೋದು. ತರೋದರಲ್ಲೂ ಎರಡು ಥರ. ಮೇಲ್ ಬಂದ ಕೂಡಲೇ ಪೋಸ್ಟ್‌ಮ್ಯಾನ್ ಬಂದು ಬಾಗಿಲು ತಟ್ಟಿದರೆ ಅದು ‘ಪುಶ್’. ನಾವೇ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಹೋಗಿ ‘ನಮಗೇನಾದ್ರೂ ಇದೆಯಾ’ ಅಂತ ಕೇಳಿಕೊಂಡು ಬಂದರೆ ಅದು ‘ಫೆಚ್’.

ಅಪ್ಪ ತಲೆ ಆಡಿಸಿದರು. ‘ಹಂಗಾರೆ ಪೇಟೇಲಿ ಟಪಾಲು ಬಂದಿದೆ, ಚೀಲ ನಮ್ಮೂರಿಗೆ ಬಂದಿಲ್ಲ.’

‘ಹೌದು. ಬಂದಿಲ್ಲ ಅಂತ ನನಗೆ ಗೊತ್ತೇ ಆಗ್ಲಿಲ್ಲ. ಮೇಲೇ ಇಲ್ಲ ಅಂದ್ಕೊಂಡೆ.’

ಅಪ್ಪ ಒಂದು ಗುಟುಕು ಕಾಫಿ ಕುಡಿದರು. ‘ಬೆಳಿಗ್ಗೆ ಬಸ್ಸಿಗೆ ಚೀಲ ಬರ್ತಿತ್ತು. ಬಿಚ್ಚಿದ್ರೆ ಕೆಲವು ದಿನ ಒಳಗೆ ಒಂದು ಕಾಗದಾನೂ ಇರ್ತಿರ್ಲಿಲ್ಲ. ಇಲ್ಲ ಅಂತಾನೇ ಪುಸ್ತಕದಲ್ಲಿ ಬರೀತಿದ್ದೆ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದು ಬಸ್ಸೇ ಬರ್ಲಿಲ್ಲ ಅಂದ್ರೆ ಮಾತ್ರ ಪೇಟೆಗೆ ಫೋನ್ ಮಾಡಿ ಕೇಳ್ತಿದ್ದೆ. ಖಾಲಿ ಚೀಲ ಬೇರೆ, ಬಾರದ ಚೀಲ ಬೇರೆ ಮಾರಾಯ್ತಿ. ನೀನು ಬಾರದ ಚೀಲನ್ನ ಖಾಲಿ ಚೀಲ ಅಂತ ತಿಳ್ಕೊಂಡೆ.’

ಕಾರು ಹಾರ್ನ್ ಹೊಡೀತು. ‘ನೀವೆಲ್ಲಾ ಹೋಗಿ, ನಾನು ಹಿಂದಿನ ಗಾಡೀಲಿ ಬರ್ತೀನಿ’ ಅಂದೆ. ಅಪ್ಪ ಹೋಗಲಿಲ್ಲ. ಬಾವಿಕಟ್ಟೆ ಮೇಲೆ ಕೂತರು.

ಐಟಿ ಹುಡುಗನ ಎರಡನೇ ಪ್ರಶ್ನೆ: ‘ಆ್ಯಪ್ ತಗದು, ಬೆರಳಿಂದ ಕೆಳಗ ಎಳೀರಿ. ಎಳದ್ರ ಬರ್ತಾವೋ, ಎಳದ್ರೂ ಬರಂಗಿಲ್ಲೋ?’

ಇದು ಚಿಕ್ಕ ಪರೀಕ್ಷೆ, ಆದರೆ ಅರ್ಧ ದಾರಿ ಇಲ್ಲೇ ತೀರ್ಮಾನ ಆಗುತ್ತದೆ. ಎಳೆದಾಗ ಮೇಲ್ ಬಂದು, ತಾನಾಗೇ ಬರದಿದ್ದರೆ ಫೋನು ಆ್ಯಪ್‌ಗೆ ಹಿನ್ನೆಲೆಯಲ್ಲಿ ಕೆಲಸ ಮಾಡಲು ಬಿಡುತ್ತಿಲ್ಲ ಎಂದರ್ಥ. ಆಗ ನೋಡಬೇಕಾದ್ದು ಬ್ಯಾಟರಿ, ಡೇಟಾ ಸೇವರ್, ಸಿಂಕ್ ಬಟನ್. ಎಳೆದರೂ ಬರದಿದ್ದರೆ ತೊಂದರೆ ಬೇರೆ. ನೆಟ್‌ವರ್ಕು, ಪಾಸ್‌ವರ್ಡು, ಫೋನಿನ ದಿನಾಂಕ, ಜಾಗ, ಇವುಗಳಲ್ಲಿ ಒಂದು.

ನಾನು ಎಳೆದೆ. ಚಕ್ರ ತಿರುಗಿತು, ತಿರುಗಿತು, ಸುಮ್ಮನಾಯಿತು. ಹೊಸ ಮೇಲ್ ಒಂದೂ ಇಲ್ಲ. ಮೇಲ್ಗಡೆ ಇದ್ದ ಕೊನೆಯ ಮೇಲ್ ಮಂಗಳವಾರ ಮಧ್ಯಾಹ್ನದ್ದು. ಆವಾಗಲೇ ಹೊಳೆದಿದ್ದು. ಮಂಗಳವಾರದಿಂದ ಶನಿವಾರದವರೆಗೆ ನನ್ನಂಥವಳಿಗೆ ಒಂದೂ ಮೇಲ್ ಬಾರದೇ ಇರೋಕೆ ಸಾಧ್ಯಾನಾ? ಕ್ಯಾಂಟೀನಿನ ಮೆನು ಮೇಲಾದರೂ ಬರಬೇಕಿತ್ತು. ಬುಧವಾರ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆಯೇ ಇದ್ದಿದ್ದರಿಂದ ಗೊತ್ತಾಗಿರಲಿಲ್ಲ. ಆಮೇಲೆ ನಾನು ಆ್ಯಪ್ ತೆರೆದೇ ಇರಲಿಲ್ಲ. ಕೆಂಪು ಅಂಕಿ ಇದೆಯಾ ಅಂತ ಹೊರಗಿನಿಂದ ನೋಡ್ತಿದ್ದೆ, ಅಷ್ಟೆ.

‘ದಿನಾಂಕ, ಟೈಮು ಸರಿ ಐತೇನ್ರಿ?’ ಸರಿ ಇತ್ತು. ಇದನ್ನೇಕೆ ಕೇಳ್ತಾರೆ ಅಂದ್ರೆ, ಫೋನಿನ ಗಡಿಯಾರ ತಪ್ಪಿದ್ದರೆ ಸರ್ವರ್‌ನ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದೋ, ಇನ್ನೂ ಶುರುವಾಗಿಲ್ಲ ಎಂದೋ ಫೋನು ತಿಳಿದುಕೊಂಡು ಸಂಪರ್ಕವನ್ನೇ ನಿರಾಕರಿಸಬಹುದು. ದಿನಾಂಕ ಯಾವಾಗಲೂ ‘ಆಟೋಮ್ಯಾಟಿಕ್’ ಆಗಿರಲಿ.

‘ಸ್ಟೋರೇಜ್?’ ಸ್ವಲ್ಪ ಇತ್ತು. ಮದುವೆಯ ವಿಡಿಯೊಗಳು ಫ್ಯಾಮಿಲಿ ಗ್ರೂಪಿನಲ್ಲಿ ಪ್ರವಾಹದ ಹಾಗೆ ಬಂದು ಬಿದ್ದಿದ್ದರೂ ಫೋನು ಇನ್ನೂ ಮುಳುಗಿರಲಿಲ್ಲ. ಜಾಗ ಪೂರ್ತಿ ತುಂಬಿದರೆ ಮೇಲ್ ಬಂದು ಕೂರುವುದೆಲ್ಲಿ?

‘ಇತ್ತೀಚಿಗೆ ಪಾಸ್‌ವರ್ಡ್ ಚೇಂಜ್ ಮಾಡೀರೇನು?’

ಸಿಕ್ಕಿತು! ನಮ್ಮಲ್ಲಿ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು. ಮಂಗಳವಾರ ಲ್ಯಾಪ್‌ಟಾಪ್ ಕೇಳಿತು, ಬದಲಿಸಿದೆ. ಅವತ್ತು ಸಂಜೆ ಮೆಟ್ರೊದ ನೂಕುನುಗ್ಗಲಿನಲ್ಲಿ ಫೋನಿಗೆ ಒಂದು ಸಂದೇಶ ಬಂದಿತ್ತು. ಮತ್ತೆ ಸೈನ್ ಇನ್ ಆಗಿ ಅಂತಲೋ ಏನೋ. ಒಂದು ಕೈಲಿ ಕಂಬ, ಇನ್ನೊಂದು ಕೈಲಿ ಫೋನು. ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿದ್ದೆ. ಅದೇ ಕೊನೆ. ಆಮೇಲೆ ಫೋನು ಅದನ್ನು ಇನ್ನೊಮ್ಮೆ ಜೋರಾಗಿ ಹೇಳಲೇ ಇಲ್ಲ. ಅಕೌಂಟ್ ಸೆಟ್ಟಿಂಗಿನೊಳಗೆ ಹೋಗಿ ನೋಡಿದರೆ ಸಣ್ಣಕ್ಷರದ ಒಂದು ಸಾಲು: ಸೈನ್ ಇನ್ ಅಗತ್ಯವಿದೆ.

ಸೈನ್ ಇನ್ ಆದೆ. ಮೇಲ್‌ಗಳು ಒಂದರ ಹಿಂದೆ ಒಂದು ಟಿಂಗ್ ಟಿಂಗ್ ಅಂತ ಸುರಿದವು. ಅಪ್ಪ ಎದ್ದು ನಿಂತು ನೋಡಿದರು. ‘ಮಳೆ ನಿಂತ ಮೇಲೆ ಮೂರು ದಿನದ ಚೀಲ ಒಟ್ಟಿಗೇ ಬಂದಂಗಾಯ್ತು’ ಅಂದರು.

ಇಲ್ಲಿಗೆ ಮುಗೀತು ಅಂತ ಫೋನ್ ಇಡೋಕೆ ಹೋದೆ. ಐಟಿ ಹುಡುಗ ಬಿಡಲಿಲ್ಲ. ‘ಒಂದು ಟೆಸ್ಟ್ ಮೇಲ್ ಹಾಕ್ತೀನ್ರಿ. ಸ್ಕ್ರೀನ್ ಆಫ್ ಮಾಡಿ ಫೋನ್ ಕೆಳಗ ಇಡ್ರಿ. ಹತ್ತು ನಿಮಿಷ ಮುಟ್ಟಬ್ಯಾಡ್ರಿ.’

ಹತ್ತು ನಿಮಿಷ ಆಯ್ತು. ಸದ್ದಿಲ್ಲ. ಆ್ಯಪ್ ತೆರೆದ ತಕ್ಷಣ ಮೇಲ್ ಪ್ರತ್ಯಕ್ಷ! ಅಂದರೆ ಫೋನಿನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಪಾಸ್‌ವರ್ಡ್ ಸರಿ ಇದ್ದಿದ್ದರೂ ನನಗೆ ಸದ್ದು ಕೇಳಿಸ್ತಿರಲಿಲ್ಲ.

ಇದಕ್ಕೆ ಕಾರಣ ಬ್ಯಾಟರಿ ಉಳಿತಾಯ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ‘ಡೋಜ್’ ಎಂಬ ವ್ಯವಸ್ಥೆ ಇದೆ. ಫೋನು ಅಲುಗಾಡದೆ, ಸ್ಕ್ರೀನ್ ಆರಿ, ಚಾರ್ಜಿಗಿಲ್ಲದೆ ಬಿದ್ದಿದ್ದರೆ ಅದು ತೂಕಡಿಸಲು ಶುರುಮಾಡುತ್ತದೆ. ಆಗ ಆ್ಯಪ್‌ಗಳ ಸಿಂಕ್ ಎಲ್ಲ ಮುಂದಕ್ಕೆ ಹೋಗುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಇನ್ನೊಂದು ಹೆಜ್ಜೆ. ನಾವು ಯಾವ ಆ್ಯಪ್ ಎಷ್ಟು ಬಳಸುತ್ತೇವೆ ಅಂತ ನೋಡಿ, ಕಮ್ಮಿ ಬಳಸುವ ಆ್ಯಪ್‌ಗೆ ಕಮ್ಮಿ ಅವಕಾಶ. ಇದರ ಮೇಲೆ ಕೆಲವು ಫೋನ್ ತಯಾರಕರು ತಮ್ಮದೇ ಕಟ್ಟುನಿಟ್ಟು ಸೇರಿಸಿ, ಕೆಲವು ದಿನ ತೆರೆಯದ ಆ್ಯಪನ್ನು ಪೂರ್ತಿ ಮಲಗಿಸಿಬಿಡುತ್ತಾರೆ. ರಜೆಯಲ್ಲಿ ನಾವು ಮಾಡೋದೂ ಅದೇ ಅಲ್ವಾ? ‘ಬಂದ್ರೆ ಸದ್ದಾಗುತ್ತೆ’ ಅಂತ ಆ್ಯಪ್ ತೆರೆಯೋದೇ ಇಲ್ಲ. ನಾವು ತೆರೆಯಲ್ಲ ಅಂತ ಅದು ಮಲಗುತ್ತದೆ, ಅದು ಮಲಗಿದೆ ಅಂತ ನಾವು ತೆರೆಯಲ್ಲ.

ನನ್ನ ಫೋನಿನಲ್ಲಿ ಪವರ್ ಸೇವರ್ ಕೂಡ ಆನ್ ಆಗಿತ್ತು. ಬುಧವಾರ ರಾತ್ರಿ ಬಸ್ಸಿನಲ್ಲಿ ಚಾರ್ಜ್ ಕಮ್ಮಿಯಾಗಿದೆ ಅಂತ ನಾನೇ ಒತ್ತಿದ್ದು. ಅದನ್ನು ತೆಗೆದೆ. ಸೆಟ್ಟಿಂಗ್ಸ್, ಆ್ಯಪ್ಸ್, ಮೇಲ್ ಆ್ಯಪ್, ಬ್ಯಾಟರಿ ಅಂತ ಒಳಗೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿದೆ. ಡೇಟಾ ಸೇವರ್ ಆನ್ ಇತ್ತು, ಅದರಲ್ಲೂ ಮೇಲ್‌ಗೆ ವಿನಾಯಿತಿ ಕೊಟ್ಟೆ. ಅಕೌಂಟ್ಸ್‌ನಲ್ಲಿ ‘ಆಟೋ ಸಿಂಕ್’ ಆನ್ ಇದೆಯಾ ನೋಡಿದೆ. ಎರಡನೇ ಟೆಸ್ಟ್ ಮೇಲ್ ಬಂತು. ಈ ಸಲ ಸ್ಕ್ರೀನ್ ಕಪ್ಪಗಿದ್ದಾಗಲೇ, ಬಾವಿಕಟ್ಟೆ ಮೇಲೆ, ಟಿಂಗ್!

ಬೀಗರೂಟಕ್ಕೆ ನಾನೂ ಅಪ್ಪನೂ ಕೊನೇ ಪಂಕ್ತಿಗೆ ಸೇರಿದೆವು. ಏನು ತಿಂದೆ ಅಂತ ನೆನಪಿಲ್ಲ.

ನಿಮ್ಮ ಫೋನಿನಲ್ಲಿ ಇದೇ ಆದರೆ ಅನುಕೂಲವಾಗಲಿ ಅಂತ, ಆಮೇಲೆ ಆ ಹುಡುಗನಿಂದ ಕಲಿತ ಇನ್ನು ಕೆಲವು ವಿಷಯ ಇಲ್ಲೇ ಹೇಳಿಬಿಡ್ತೀನಿ.

ಐಫೋನ್ ಇಟ್ಟುಕೊಂಡವರು ಮೇಲ್ ಸೆಟ್ಟಿಂಗಿನಲ್ಲಿ ‘ಫೆಚ್ ನ್ಯೂ ಡೇಟಾ’ ನೋಡಿ. ಅಲ್ಲಿ ‘ಆಟೋಮ್ಯಾಟಿಕಲಿ’ ಅಂತ ಒಂದು ಆಯ್ಕೆ ಇದೆ. ಹೆಸರು ಕೇಳಿದರೆ ಎಲ್ಲಾ ತಾನಾಗೇ ಬರುತ್ತೆ ಅನ್ನಿಸುತ್ತೆ. ಆದರೆ ಅದರ ಅರ್ಥ, ಫೋನು ಚಾರ್ಜಿಗಿದ್ದು ವೈಫೈ ಇದ್ದಾಗ ಮಾತ್ರ ಹಿನ್ನೆಲೆಯಲ್ಲಿ ಮೇಲ್ ತರ್ತೀನಿ ಅಂತ. ಪುಶ್ ಸಿಗದ ಅಕೌಂಟ್ ಆದರೆ 15 ಅಥವಾ 30 ನಿಮಿಷ ಆರಿಸಿಕೊಳ್ಳಿ. ಲೋ ಪವರ್ ಮೋಡ್ ಹಾಕಿದರೂ ಮೇಲ್ ತರೋದು ನಿಲ್ಲುತ್ತದೆ ಅನ್ನೋದು ನೆನಪಿರಲಿ.

ಹಳೇ ಫೋನಿನ ಜೊತೆ ಬಂದ ಮೇಲ್ ಆ್ಯಪ್ ಬಳಸುವವರಿಗೆ, ಪಾಸ್‌ವರ್ಡ್ ಸರಿ ಇದ್ದರೂ ‘ತಪ್ಪು’ ಅಂತ ಬರುತ್ತಿದ್ದರೆ ಆಶ್ಚರ್ಯ ಬೇಡ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೇ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂತು. ಹೊಸ ಪದ್ಧತಿ ಗೊತ್ತಿಲ್ಲದ ಆ್ಯಪ್‌ಗೆ ಬಾಗಿಲು ತೆರೆಯುವುದಿಲ್ಲ. ಆ್ಯಪ್ ಬದಲಿಸುವುದೇ ದಾರಿ.

ಕೆಲವೊಮ್ಮೆ ಮೇಲ್ ಬಂದಿರುತ್ತದೆ, ನಾವು ನೋಡುವ ಕಡೆ ಇರುವುದಿಲ್ಲ. ಔಟ್‌ಲುಕ್‌ನಲ್ಲಿ ‘ಫೋಕಸ್ಡ್’, ‘ಅದರ್’ ಅಂತ ಎರಡು ಕೋಣೆ. ಜಿಮೇಲ್‌ನಲ್ಲೂ ಪ್ರೈಮರಿ, ಪ್ರಮೋಷನ್ಸ್ ಅಂತೆಲ್ಲ ಇದೆ. ಮುಖ್ಯವಾದ್ದು ಆ ಕಡೆ ಬಿದ್ದು, ನೋಟಿಫಿಕೇಶನ್ ಈ ಕಡೆಗೆ ಮಾತ್ರ ಇದ್ದರೆ ಸದ್ದು ಎಲ್ಲಿಂದ ಬರಬೇಕು? ಅಲ್ಲೊಮ್ಮೆ, ಸ್ಪ್ಯಾಮ್‌ನಲ್ಲೊಮ್ಮೆ ಇಣುಕಿ.

ಇನ್ನು ಎಲ್ಲರೂ ಮೊದಲು ಮಾಡೋ ಕೆಲಸ: ಅಕೌಂಟ್ ಕಿತ್ತುಹಾಕಿ ಮತ್ತೆ ಸೇರಿಸೋದು. ಅದು ಕೊನೇ ಔಷಧ. ಔಟ್‌ಬಾಕ್ಸಿನಲ್ಲಿ ಕಳಿಸದೆ ಉಳಿದ ಮೇಲ್ ಇದ್ದರೆ ಹೋಗುತ್ತದೆ. ಮತ್ತೆ ಸೇರಿಸುವಾಗ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ನಲ್ಲಿ ನಿಮ್ಮ ಅಕೌಂಟ್ ಇನ್ನೂ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅವಸರದಲ್ಲಿ ಅದನ್ನೂ ಅಳಿಸಿ, ಊರಲ್ಲಿ ಕೂತು ಐಟಿಯವರಿಗಾಗಿ ಸೋಮವಾರದವರೆಗೆ ಕಾದವರಿದ್ದಾರೆ.

ಇಷ್ಟೆಲ್ಲಾ ಕಲಿತರೂ ಮುಖ್ಯವಾದ್ದು ಕಲಿತಿರಲಿಲ್ಲ ಅಂತ ಗೊತ್ತಾಗಿದ್ದು ಸೋಮವಾರ.

ಆಫೀಸಿಗೆ ಹೋದ ಕೂಡಲೇ ಮ್ಯಾನೇಜರ್‌ಗೆ ಹೇಳಿದೆ. ‘ಫೋನ್ ಸಿಂಕ್ ಆಗಿರ್ಲಿಲ್ಲ ಸರ್’ ಅಂತ ಶುರುಮಾಡಿದವಳು ಅರ್ಧದಲ್ಲೇ ನಿಲ್ಲಿಸಿ, ‘ನಾನು ನೋಡ್ಕೊಳ್ಲಿಲ್ಲ ಸರ್’ ಅಂದೆ. ಅವರು ಬೈಯಲಿಲ್ಲ. ಸಾಹೇಬರ ಹತ್ತಿರ ಮಾತಾಡಿ ವಿಶೇಷ ಪಾವತಿ ಅಂತ ಮಾಡಿಸಿದರು. ಕಂಟ್ರಾಕ್ಟರ್‌ಗೆ ದುಡ್ಡು ಸೇರಿದ್ದು ಮಂಗಳವಾರ. ಅವರು ಹೆಂಗಸರಿಗೆ ಕೊಟ್ಟಿದ್ದು ಬುಧವಾರ.

ನಮ್ಮ ಮಹಡಿಯ ಪ್ಯಾಂಟ್ರಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ನನಗೆ ಸಕ್ಕರೆ ಕಮ್ಮಿ ಅಂತ ಕೇಳದೇ ಗೊತ್ತಿರುವವರು. ಆ ವಾರ ಒಂದು ದಿನ ಟೀ ಕೊಡುವಾಗ ತಡೆಯಲಾರದೆ ಕೇಳಿದೆ, ‘ಅಕ್ಕ, ಈ ತಿಂಗಳು ಸಂಬಳ ಲೇಟಾಯ್ತಲ್ಲ, ತೊಂದರೆ ಆಯ್ತಾ?’

‘ಅಯ್ಯೋ, ಪರ್ವಾಗಿಲ್ಲ ಬಿಡಿ ಮೇಡಂ. ಒಂದನೇ ತಾರೀಖು ಬಾಡಿಗೆ ಕೊಡೋಕೆ ಪಕ್ಕದ ಮನೆಯೋರ ಹತ್ರ ಇಸ್ಕೊಂಡಿದ್ದೆ. ವಾಪಸ್ ಕೊಟ್ಟೆ’ ಅಂದರು. ಯಾಕೆ ಲೇಟಾಯ್ತು ಅಂತ ಅವರಿಗೆ ಗೊತ್ತಿರಲಿಲ್ಲ. ‘ನನ್ನಿಂದ’ ಅಂತ ಹೇಳಿದೆ. ಅವರಿಗೆ ಏನು ಅರ್ಥವಾಯಿತೋ, ‘ಮದುವೆ ಚೆನ್ನಾಗಾಯ್ತಾ?’ ಅಂತ ಕೇಳಿದರು.

ಅವತ್ತು ಸಂಜೆ ಮನೆಗೆ ಹೋಗುವಾಗ ಮೆಟ್ರೊದಲ್ಲಿ ಯೋಚಿಸಿದೆ. 14 ಮನೆಯ ಬಾಡಿಗೆ, ರೇಷನ್, ಮಕ್ಕಳ ಫೀಸು ಎಲ್ಲವನ್ನೂ ನಾನು ಒಂದು ಫೋನಿನ ಒಂದು ಸದ್ದಿಗೆ ನೇತುಹಾಕಿ ಹೋಗಿದ್ದೆ. ಸಿಂಕ್ ಸರಿ ಇದ್ದಿದ್ದರೂ ಅವತ್ತು ಫೋನು ಬಾವಿಗೆ ಬೀಳಬಹುದಿತ್ತು, ನನಗೇ ಜ್ವರ ಬರಬಹುದಿತ್ತು. ತಪ್ಪು ಶುರುವಾಗಿದ್ದು ಪಾಸ್‌ವರ್ಡಿನಿಂದಲ್ಲ, ‘ಫೋನಲ್ಲೇ ನೋಡ್ಕೋತೀನಿ’ ಎಂಬ ಮಾತಿನಿಂದ. ರಜೆಯಲ್ಲೂ ನಾನಿಲ್ಲದೆ ನಡೆಯಲ್ಲ ಅನ್ನೋ ಒಂದು ಒಣ ಜಂಬವೂ ಅದರಲ್ಲಿ ಇತ್ತು ಅಂತ ಈಗ ಅನ್ನಿಸುತ್ತೆ.

ಆ ತಿಂಗಳಿಂದ ಎರಡು ಬದಲಾವಣೆ ಮಾಡಿಕೊಂಡೆವು. ಬಿಲ್ ಅಪ್ರೂವಲ್‌ಗೆ ನನ್ನ ಜೊತೆ ಇನ್ನೊಬ್ಬ ಸಹೋದ್ಯೋಗಿಯ ಹೆಸರು ಸೇರಿತು. ನಾನಿಲ್ಲದಾಗ ಅವಳು, ಅವಳಿಲ್ಲದಾಗ ನಾನು. ರಜೆಗೆ ಹೋಗುವಾಗ ‘ನಾನು ಇಂಥ ದಿನದವರೆಗೆ ಇರುವುದಿಲ್ಲ, ತುರ್ತಿದ್ದರೆ ಇವರನ್ನು ಸಂಪರ್ಕಿಸಿ’ ಅಂತ ಆಟೋ ರಿಪ್ಲೈ ಹಾಕುತ್ತೇನೆ. ಇದರ ಒಂದು ಗುಣ ನನಗೆ ಮೊದಲು ಗೊತ್ತಿರಲಿಲ್ಲ. ಬ್ರೌಸರಿನ ಮೇಲ್‌ನಲ್ಲಿ ಹಾಕಿದ ಆಟೋ ರಿಪ್ಲೈ ಇರೋದು ಸರ್ವರ್‌ನಲ್ಲಿ. ಫೋನು ಸತ್ತಿದ್ದರೂ, ಸಿಗ್ನಲ್ ಇಲ್ಲದಿದ್ದರೂ ಪೇಟೆಯ ಪೋಸ್ಟಾಫೀಸೇ ಉತ್ತರ ಕೊಡುತ್ತದೆ. ಗುರುವಾರ ಬೆಳಿಗ್ಗೆ ಅದೊಂದು ಸಾಲು ಅಕೌಂಟ್ಸ್‌ನವರಿಗೆ ಹೋಗಿದ್ದರೆ ಅವರು ಮೂರು ಸಲ ನನಗೇ ಬರೆಯುತ್ತಾ ಕೂರುತ್ತಿರಲಿಲ್ಲ.

ಕೆಲಸದ ದಿನಗಳಲ್ಲೂ ಒಂದು ಅಭ್ಯಾಸ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆ್ಯಪ್ ತೆರೆದು ಎಳೆದು ನೋಡುತ್ತೇನೆ. ಕೊನೇ ಮೇಲ್ ಎಷ್ಟು ಹೊತ್ತಿನದು ಅಂತ ಗಮನಿಸುತ್ತೇನೆ. ಇಡೀ ದಿನ ಏನೂ ಬರದಿದ್ದರೆ ಈಗ ಖುಷಿಯಾಗಲ್ಲ, ಅನುಮಾನ ಬರುತ್ತೆ. ನನ್ನ ಇನ್ನೊಂದು ಮೇಲ್‌ನಿಂದ ನನಗೇ ‘ಹಾಯ್’ ಅಂತ ಹಾಕಿ ನೋಡುತ್ತೇನೆ. ಅಪ್ಪ ಖಾಲಿ ಚೀಲ ಬಿಚ್ಚಿ ‘ಇಲ್ಲ’ ಅಂತ ಬರೆಯುತ್ತಿದ್ದ ಹಾಗೆ.

ಹಾಗಂತ ಇಪ್ಪತ್ನಾಲ್ಕು ಗಂಟೆಯೂ ಸದ್ದಿಗೆ ಕಿವಿ ಕೊಟ್ಟಿರಿ ಅಂತ ಹೇಳ್ತಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಮೇಲ್‌ನಿಂದ ದೂರ ಇರೋದು ನೌಕರರ ಹಕ್ಕು ಅಂತ ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನೇ ಇದೆ. ನಮಗೂ ಆ ಮೌನ ಬೇಕು. ಆದರೆ ಅದು ನಾವೇ ಹೇಳಿ, ಕೆಲಸ ಒಪ್ಪಿಸಿ ತಂದುಕೊಂಡ ಮೌನ ಆಗಿರಬೇಕು. ಗೊತ್ತಿಲ್ಲದೆ ಫೋನು ತಂದುಕೊಟ್ಟ ಮೌನದಲ್ಲಿ ನಾವು ಹೋಳಿಗೆ ತಿನ್ನುತ್ತಿರುತ್ತೇವೆ, ಆ ಕಡೆ ಯಾರೋ ಕಾಯುತ್ತಿರುತ್ತಾರೆ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ಹೊರಡುವ ಮುಂಚೆ ಆಟೋ ರಿಪ್ಲೈ ಹಾಕಿದೆ, ಸಹೋದ್ಯೋಗಿಗೆ ಪಟ್ಟಿ ಕೊಟ್ಟೆ. ನನ್ನ ಫೋನಿನಲ್ಲಿ ಆಫೀಸಿನ ಆ್ಯಪ್‌ಗಳು ಚೀಲದ ಗುರುತು ಹೊತ್ತು ‘ವರ್ಕ್ ಪ್ರೊಫೈಲ್’ನಲ್ಲಿ ಬೇರೆಯಾಗಿವೆ. ಅದಕ್ಕೊಂದು ಬಟನ್ ಇದೆ, ಒತ್ತಿದರೆ ಆಫೀಸಿನದೆಲ್ಲಾ ಬಂದ್. ಬಸ್ಸು ಹತ್ತಿದ ಮೇಲೆ ಅದನ್ನು ಒತ್ತಿದೆ.

ಮಾರನೇ ದಿನ ಬಾವಿಕಟ್ಟೆ ಮೇಲೆ ಕೂತು ಎಳ್ಳುಬೆಲ್ಲ ತಿನ್ನುತ್ತಿದ್ದೆ. ಅಪ್ಪ ಬಂದು ಫೋನಿನ ಕಡೆ ನೋಡಿ ಕೇಳಿದರು, ‘ಎಂತದೇ, ಸದ್ದೇ ಇಲ್ಲ? ಚೀಲ ಬಂತನಾ ಇಲ್ವನಾ?’

‘ಇವತ್ತು ಪೋಸ್ಟಾಫೀಸಿಗೆ ರಜೆ ಅಪ್ಪ’ ಅಂದೆ. ‘ಬೋರ್ಡ್ ಹಾಕಿ ಬಂದಿದೀನಿ.’